ಅಪ್ಪನ ಲೆನ್ಸು, ಚಾಚಾನ ಲೆನ್ಸು

ಭಾನುವಾರ ಬೆಳಿಗ್ಗೆ ಹಾಜಿಮಲಂಗ್ ಚಾಚಾ ವಾಡಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದರು. ಹೆಗಲಿಗೆ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಆಯಿಗೆಂದು ತಂದ ಖಾರಿ ಬಿಸ್ಕೀಟಿನ ಪೊಟ್ಟಣ. ಆಯಿ ಅಂದರೆ ಶಿವಕಾಂತಮ್ಮ, ನಮ್ಮಪ್ಪನ ತಾಯಿ.

ಚಾಚಾ ಮತ್ತು ಅಪ್ಪ ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೆಯುವವರು. ವಾಡಿ, ಶಹಾಬಾದ ಕಡೆಯ ಮದುವೆಗಳು ಚಾಚಾನವು. ಸೇಡಂ, ಚಿಂಚೋಳಿ ಕಡೆಯವು ಅಪ್ಪನವು. ಈಗ ಚಾಚಾನ ಮೊಣಕಾಲು ಕೈಕೊಟ್ಟಿದೆ. ಸ್ಟುಡಿಯೋದಲ್ಲಿ ಕುಳಿತು ಪಾಸ್‌ಪೋರ್ಟ್ ಫೋಟೋ ಮಾತ್ರ ತೆಗೆಯುತ್ತಾರೆ. ಅದಕ್ಕೇ ತಮ್ಮ ಉದ್ದನೆಯ ಜೂಮ್ ಲೆನ್ಸನ್ನು ಅಪ್ಪನಿಗೆ ಕೊಡಲು ತಂದಿದ್ದರು.

ಅಪ್ಪನ ಹತ್ತಿರ ಅಂಥದೇ ಒಂದಿದೆ. ಆದರೆ ಹೋದ ತಿಂಗಳು ಚಿಂಚೋಳಿಯ ಮದುವೆಯ ಆಲ್ಬಮ್ ನೋಡಿದ ಹುಡುಗಿಯ ಅಣ್ಣ, "ಅಯ್ಯನೋರ, ಎಲ್ಲಾರ ಮಾರಿ ಮ್ಯಾಲ ಮಂಜು ಬಿದ್ದಂಗ ಕಾಣ್ತದಲ್ರೀ" ಎಂದುಬಿಟ್ಟಿದ್ದ. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ನಿಂದು ಮುದಿ ಆಗ್ಯಾದ ಗುರುಲಿಂಗಯ್ಯ," ಚಾಚಾ ಮೆಟ್ಟಿಲು ಹತ್ತುತ್ತಲೇ ಅಂದರು. "ಸಂಜಿ ಗಾಡಿಗಿ ನಾ ಒಯ್ತೀನಿ. ಕಲಬುರಗಿ ಅಂಗಡ್ಯಾಂವ ಬಿಚ್ಚಿ ಬಿಡಿಭಾಗಕ್ಕ ಇಟ್ಕೋತಾನ."

"ಮೊದ್ಲ ಎರಡೂ ಹಚ್ಚಿ ನೋಡಮು. ಸೋತಿದ್ದು ಹೋಗ್ಲಿ," ಅಂದರು ಅಪ್ಪ. "ಬಿ.ಎಸ್ಸಿ. ಓದಿದಾಕಿ ಮನ್ಯಾಗಿದ್ದಾಳ. ಭಾಗ್ಯಾನೇ ಜಜ್ಜು."

ನಾನು ಹೂಂ ಅಂದೆ. ಹೂಂ ಅನ್ನುವುದು ನನಗೆ ಸುಲಭ. ಬಿಚ್ಚಿ ಬಿಡಿಭಾಗ ಎಂಬ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಜನರ ಮುಖ ನೋಡಿ ಮಾತಾಡಲು ಬಾರದ ನಾನು ಮನುಷ್ಯರನ್ನು ಕಣ್ತುಂಬ ನೋಡಿದ್ದೇ ಅಪ್ಪನ ಆ ಲೆನ್ಸಿನಿಂದ. ಅಪ್ಪನ ಜೊತೆ ಮದುವೆಗೆ ಹೋದಾಗ ಕಲ್ಯಾಣ ಮಂಟಪದ ಕಟ್ಟಕಡೆಯ ಕಂಬದ ಹಿಂದೆ ನಿಂತು, ಮಗಳನ್ನು ಧಾರೆ ಎರೆದ ತಂದೆ ಮೂಗೊರೆಸಿಕೊಳ್ಳುವುದನ್ನು ನೋಡಿದ್ದೇನೆ. ನಾನು ನೋಡಿದ್ದು ಅವರಿಗೆ ಗೊತ್ತೇ ಇಲ್ಲ. ನನ್ನ ಡೈರಿಯಲ್ಲಿ ಅಂಥ ಮುಖಗಳೇ ತುಂಬಿವೆ.

ಮಾಳಿಗೆಯ ಒಂದು ತುದಿಯ ಗೋಡೆಗೆ ಹಳೆಯ ಪೇಪರ್ ಅಂಟಿಸಿದೆವು. ಇನ್ನೊಂದು ತುದಿಯಲ್ಲಿ ಸ್ಟ್ಯಾಂಡಿನ ಮೇಲೆ ನನ್ನ ಕ್ಯಾಮೆರಾ. ಎರಡೂ ಲೆನ್ಸಿಗೆ ಅದೇ ಕ್ಯಾಮೆರಾ, ಅದೇ ದೂರ, ಅದೇ ಬೆಳಕು. ಕೈ ಅಲುಗಬಾರದೆಂದು ಟೈಮರ್ ಇಟ್ಟೆ. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಹೋಗುವಾಗ ನಮ್ಮ ಮನೆಗೆ ಹಾಸಿದ ಪರಸಿ ಕಲ್ಲುಗಳೂ ಸಣ್ಣಗೆ ನಡುಗುತ್ತವೆ. ಅಷ್ಟರಲ್ಲೇ ಒಂದು ಬಂತು, ಅದು ದಾಟುವ ತನಕ ಮೂವರೂ ಕಾದೆವು. ಮಾಳಿಗೆಯ ಮೇಲೆಯೇ ಮೆಟ್ಟಿಲ ಗೋಡೆಯ ನೆರಳಲ್ಲಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದ ಆಯಿ ಒಮ್ಮೆ ತಲೆಯೆತ್ತಿ ನೋಡಿ, "ಗ್ವಾಡಿ ಫೋಟೋ ತೆಗೀಲಿಕ್ಕ ಮೂರು ಮಂದಿ!" ಅಂದಳು.

ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿದೆ. ಪೇಪರಿನ ತಳದಲ್ಲಿ ವಧು-ವರರ ಜಾಹೀರಾತು, ಇರುವೆಯಂಥ ಅಕ್ಷರ.

"ಓದು ಬೇಟಾ, ಓದು. ಲೆನ್ಸ್ ಆಮ್ಯಾಲ, ಮೊದ್ಲ ಹುಡುಗ ಏನ್ ಓದ್ಯಾನ ನೋಡು," ಚಾಚಾ ಕಾಡಿದರು.

ಚಾಚಾನ ಲೆನ್ಸಿನಲ್ಲಿ ಹುಡುಗ ಡಿಪ್ಲೊಮಾ, ಐದೂವರೆ ಅಡಿ, ಫೋನ್ ನಂಬರು ಕೂಡ ಕಾಣುತ್ತಿತ್ತು. ಅಪ್ಪನ ಲೆನ್ಸಿನಲ್ಲಿ ಹುಡುಗನೇ ಇರಲಿಲ್ಲ. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ.

ಅಪ್ಪ ಲೆನ್ಸಿನ ಖಾಲಿ ಡಬ್ಬಿ ತರಲು ಕೆಳಗಿಳಿದರು. ಕಾಡುತ್ತಿದ್ದ ಚಾಚಾ ಬೇರೆ ಕಡೆ ನೋಡಿದರು.

ಮನೆಯಿಂದ ಹೋಗುವ ವಸ್ತುವನ್ನು ಒರೆಸಿಯಾದರೂ ಕೊಡೋಣವೆಂದು ನಾನು ಲೆನ್ಸು ಎತ್ತಿಕೊಂಡೆ. ಓರೆ ಬಿಸಿಲು ಬಿದ್ದಾಗ ಮುಂದಿನ ಗಾಜಿನ ಮೇಲೆ ಮೂರು ಬೂದು ಗೆರೆ ಕಂಡವು. ಉಜ್ಜಿದೆ, ಹೋಗಲಿಲ್ಲ. ಅದು ಲೆನ್ಸಿನ ಗಾಜಲ್ಲ, ಅದನ್ನು ಕಾಯಲು ಮುಂದೆ ತಿರುಗಿಸಿ ಕೂರಿಸುವ ಫಿಲ್ಟರ್. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಆಯಿ ಗ್ಯಾಸಿನ ಒಲೆಗೆ, ಹೊಲಿಗೆ ಮಿಷನ್ನಿಗೆ, ಕಡೆಗೆ ಅಪ್ಪನ ಲೆನ್ಸಿಗೆ ಮೂರು ಬೆರಳು ವಿಭೂತಿ ಎಳೆಯುತ್ತಾಳೆ. ಅಪ್ಪ ಶಲ್ಯದ ತುದಿಯಿಂದ ಒರೆಸಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಅಷ್ಟೂ ವಾರಗಳ ಬೂದಿ ಗಾಜನ್ನು ಗೀರಿ ಗೀರಿ ಅಲ್ಲೇ ಕುಳಿತಿತ್ತು.

ಫಿಲ್ಟರ್ ತಿರುಗಿಸಿ ತೆಗೆದು, ಮತ್ತೆ ಒಂದು ಫೋಟೋ ತೆಗೆದೆ. ಡಿಪ್ಲೊಮಾ ಹುಡುಗ ಬಂದ. ಮೂಲೆಯ ಅಕ್ಷರವಂತೂ ಚಾಚಾನ ಲೆನ್ಸಿಗಿಂತಲೂ ಸ್ಪಷ್ಟವಾಗಿತ್ತು.

ಅಪ್ಪ ಡಬ್ಬಿ ಹಿಡಿದು ಬಂದಾಗ ಪರದೆ ತೋರಿಸಿ ಫಿಲ್ಟರನ್ನು ಅವರ ಅಂಗೈಯಲ್ಲಿಟ್ಟೆ. ಅವರು ಬೆಚ್ಚಲಿಲ್ಲ.

"ಗೊತ್ತದ," ಅಂದರು ಮೆಲ್ಲಗೆ.

"ಗೊತ್ತಿದ್ದೂ ಲೆನ್ಸ್ ಕಳಸ್ಲಿಕತ್ತಿದ್ದೇನೋ ಮಾರಾಯಾ?" ಚಾಚಾನ ದನಿ ಏರಿತು.

"ಶ್! ಎರಡು ಸಲ ಹೊಸಾ ಗಾಜು ಹಾಕೀನಿ. ಸೋಮವಾರ ಬರೋದು ಬಿಡ್ತದೇನು? ಗಾಜು ತೆಗದಿಟ್ರ ಲೆನ್ಸಿಗೇ ಹಚ್ತಾಳ. ನನ್ನ ಹೊಟ್ಟಿಪಾಡು ಚಂದ ನಡೀಲಿ ಅಂತ ಹಚ್ತಾಳ. ಹಚ್ಚಬ್ಯಾಡವ್ವ ಅಂತ ಯಾ ಬಾಯಿಲೆ ಹೇಳ್ಲಿ? ನಿನ್ನ ಲೆನ್ಸಿಗಿ ಬ್ಯಾರೆ ಮಂದೀದು ಅಂತ ಹಚ್ಚಂಗಿಲ್ಲ ಅನ್ಕೊಂಡೆ. ನೀನರ ಹೇಳು ಹಾಜಿ."

"ನಾ ಹೇಳಂಗಿಲ್ಲಪ್ಪ. ನಂಗ ಇನ್ನಾ ಆಕಿ ಕೈಯಾಗಿನ ರೊಟ್ಟಿ ಉಣ್ಣೋದದ."

ಇಬ್ಬರೂ ನನ್ನ ಕಡೆ ನೋಡಿದರು. ಮನೆಯಲ್ಲಿ ಅತಿ ಕಡಿಮೆ ಮಾತಾಡುವವಳನ್ನು!

ಆಯಿ ಕುಳಿತಿದ್ದು ಏಳು ಹೆಜ್ಜೆ ದೂರ. ಅಪ್ಪನ ಕೈಯಿಂದ ಫಿಲ್ಟರ್ ತೆಗೆದುಕೊಂಡು ಹೋದೆ. ಆಯಿಯ ಎದುರು ಕುಳಿತು ಫಿಲ್ಟರನ್ನು ಅವಳ ಕಣ್ಣ ಮುಂದೆ ಹಿಡಿದೆ. "ಆಯಿ, ಇದರಾಗಿಂದ ಬ್ಯಾಳಿ ನೋಡು."

"ಏನೂ ಕಾಣ್ವಲ್ದು. ಯಾರು ಹೊಲಸು ಮಾಡ್ಯಾರ ಇದಕ್ಕ?"

"ಹೊಲಸಲ್ಲ ಆಯಿ. ನಿನ್ನ ಇಭೂತಿ." ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಇದು ಕ್ಯಾಮೆರಾದ ಕಣ್ಣು. ಅದಕ್ಕ ಅಪ್ಪನ ಫೋಟೋ ಮಂಜು ಬರ್ಲಿಕತ್ತಾವ."

ಆಯಿ ಫಿಲ್ಟರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ತುಟಿ ಅಲುಗಿತು.

"ಅಯ್ಯ ಶಿವನೇ, ಕಣ್ಣಾಗ ಯಾರರ ಇಭೂತಿ ಬಡೀತಾರ? ನಾ ಇದು ಹಣಿ ಅಂತ ತಿಳ್ಕೊಂಡಿದ್ದೆ!" ಆಮೇಲೆ ಕತ್ತು ಉದ್ದ ಮಾಡಿ, "ಏ ಗುರುಲಿಂಗ, ಇಷ್ಟು ದಿನ ಬಾಯಾಗ ಬೆಲ್ಲ ಇಟ್ಕೊಂಡಿದ್ದೇನು? ಈ ಮೂಕಿ ಹೇಳಬೇಕಾಯ್ತಲ್ಲ!"

ಅಪ್ಪ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಚಾಚಾ ಗೋಡೆ ಹಿಡಿದು ನಗುತ್ತಿದ್ದರು.

"ಮತ್ತ ಇದರ ಹಣಿ ಎಲ್ಲದ? ತೋರ್ಸು."

ನಾನು ಲೆನ್ಸು ತಂದು, ಗಾಜಿನಿಂದ ಹಿಂದೆ, ತಿರುಗಿಸಲು ಹಿಡಿಯುವ ಪಟ್ಟಿಯ ಆಚೆಯ ಕಪ್ಪು ಮೈಯ ಮೇಲೆ ಅವಳ ಮೂರು ಬೆರಳನ್ನು ಇಟ್ಟೆ. ಆಯಿ ಒಮ್ಮೆ ಸವರಿ ಜಾಗ ಗುರುತು ಮಾಡಿಕೊಂಡಳು.

"ಇಲ್ಲಿ ಸಪಾಟ್ ಅದ. ಇಭೂತಿ ಚಂದ ಕೂಡ್ತದ," ಅಂದಳು.