ಕಾಪುವಿನಲ್ಲೊಂದು ಕಿವಿ, ಕಾರ್ಕಳದಲ್ಲೊಂದು

ಮಣಿಪಾಲದ ಹೋಟೆಲಿನಲ್ಲಿ ನಡೆದ ಮೊದಲ ಮಾತುಕತೆಯಲ್ಲಿ ಮಾತೂ ಇರಲಿಲ್ಲ, ಕತೆಯೂ ಇರಲಿಲ್ಲ. ಇದ್ದದ್ದು ಗೋಳಿಬಜೆ. ಹುಡುಗಿಯ ತಂದೆ ಕರುಣಾಕರಣ್ಣ ಎಂಟು ತಿಂದರು, ಹುಡುಗನ ತಂದೆ ಚೆನ್ನಪ್ಪನವರು ಒಂಬತ್ತು. ಒಳಗೆ ಗ್ರೈಂಡರ್ ಗರಗರ ಅನ್ನುತ್ತಿತ್ತು, ಸಪ್ಲೈಯರ್ "ಎರಡು ಮಸಾಲೆ, ಒಂದು ಬನ್ಸ್" ಎಂದು ಅರಚುತ್ತಿದ್ದ. ಆ ಗದ್ದಲದಲ್ಲಿ ಇಬ್ಬರು ಹಿರಿಯರೂ ಒಂದು ಗಂಟೆ ಒಬ್ಬರ ಮುಖ ಒಬ್ಬರು ನೋಡಿ, ತಲೆಯಾಡಿಸಿ, ಕೈ ತೊಳೆದು ಎದ್ದುಹೋದರು. ಕಾಪುವಿಗೆ ಮರಳುವ ದಾರಿಯಲ್ಲಿ ಕರುಣಾಕರಣ್ಣ "ಆ ಮನುಷ್ಯನಿಗೆ ಭಾರೀ ಅಹಂಕಾರ" ಎಂದರು. ಕಾರ್ಕಳಕ್ಕೆ ಮರಳುವ ದಾರಿಯಲ್ಲಿ ಚೆನ್ನಪ್ಪನವರೂ ಅಕ್ಷರಶಃ ಅದನ್ನೇ ಹೇಳಿದರೆಂದು ಮರುದಿನ ಸುದ್ದಿ ಬಂತು.

ನಡುವೆ ಸಿಕ್ಕಿಬಿದ್ದವರು ವಿಜೇತಾ ಮತ್ತು ಕೀರ್ತನ್. ಮಣಿಪಾಲದ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಊರವರ ರಕ್ತ ಪರೀಕ್ಷಿಸಿದವರು. ಈಗ ಅಪ್ಪಂದಿರಿಬ್ಬರೂ ಸೇರಿ ಇವರ ರಕ್ತ ಹೀರುತ್ತಿದ್ದರು. ಕೀರ್ತನ್ ಹೇಗೋ ತಂದೆಯ ಕೈಕಾಲು ಹಿಡಿದು ಒಪ್ಪಿಸಿದ: ಇನ್ನೊಂದೇ ಸಲ, ಭಾನುವಾರ ನಾಲ್ಕು ಗಂಟೆಗೆ, ಹುಡುಗಿಯ ಮನೆಯಲ್ಲೇ. "ಆ ದಿನವೂ ಅವರು ಬಾಯಿ ಬಿಡದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು" ಎಂದು ಚೆನ್ನಪ್ಪನವರು ಹೇಳಿ ಕಳಿಸಿದ್ದರು.

ಕರುಣಾಕರಣ್ಣನಿಗೆ ಬಾಯಿ ಇರಲಿಲ್ಲ ಎಂದರೆ ಉಡುಪಿಯ ಬಸ್ ನಿಲ್ದಾಣದ ಕಾಗೆಗಳೂ ನಗುತ್ತಿದ್ದವು. ಅಲ್ಲಿ ಮೂವತ್ತೊಂದು ವರ್ಷ ಖಾಸಗಿ ಬಸ್ಸುಗಳ ಟೈಂಕೀಪರ್ ಆಗಿದ್ದವರು ಅವರು. "ಮಣಿಪಾಲ್-ಪರ್ಕಳ-ಹಿರಿಯಡ್ಕ-ಬೈಲೂರು-ಕಾರ್ಕಳ್‌ಕಾರ್ಕಳ್‌ಕಾರ್ಕಳ್!" ಎಂದು ಒಂದೇ ಉಸಿರಿಗೆ ಕೂಗಿದರೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದ ಡ್ರೈವರ್ ಕಣ್ಣು ಬಿಡುವ ಮೊದಲೇ ಗೇರು ಹಾಕುತ್ತಿದ್ದ. ಬಾಯಿ ಸರಿ ಇತ್ತು. ಹೋದದ್ದು ಕಿವಿ. ಮೂವತ್ತೊಂದು ವರ್ಷದ ಏರ್‌ಹಾರ್ನ್‌ಗಳು ಅದರೊಳಗಿನ ಸೀಟುಗಳನ್ನೆಲ್ಲ ಖಾಲಿ ಮಾಡಿ ಹೋಗಿದ್ದವು. ಇದು ಹೆಂಡತಿ ಕುಶಲಾಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಬೇಲಿಯಾಚೆಯ ಜೆರ್ಟ್ರೂಡ್ ಬಾಯಮ್ಮನಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ಗಟ್ಟಿಯಾಗಿ ನಂಬಿದ್ದವರು ಕರುಣಾಕರಣ್ಣ ಒಬ್ಬರೇ.

"ಕಿವಿಯ ಮೆಷಿನ್ ಹಾಕಿಕೊಳ್ಳಿ ಪಪ್ಪ" ಎಂದಳು ವಿಜೇತಾ.

"ಎಂತದಕ್ಕೆ? ನನಗೆ ಕೇಳುತ್ತದೆ. ಜನ ಸಣ್ಣ ಮಾತಾಡುವುದು ಜನರ ತಪ್ಪು."

ವಿಜೇತಾ ಬೇರೆ ದಾರಿ ಹಿಡಿದಳು. ಮಸ್ಕತ್‌ನಲ್ಲಿರುವ ಅವಳ ಸೋದರಮಾವ ಶೇಖರ ಈ ಸಲ ರಜೆಗೆ ಬರುವಾಗ ಕುಟುಂಬದ ಏಳು ಮನೆಗೂ ಕಿವಿಯೊಳಗೆ ಸಿಕ್ಕಿಸುವ ಏಳು ಜೊತೆ ವಯರಿಲ್ಲದ ಹೆಡ್‌ಫೋನ್ ತಂದಿದ್ದ. ಒಬ್ಬರಿಗೆ ಕೆಂಪು ಇನ್ನೊಬ್ಬರಿಗೆ ಹಸಿರು ತಂದರೆ ಜಗಳವೆಂದು ಎಲ್ಲವೂ ಒಂದೇ ಬಗೆ, ಒಂದೇ ಕಪ್ಪು ಬಣ್ಣ. ಲಗೇಜಿನ ತೂಕ ಉಳಿಸಲು ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಎಸೆದು, ಒಂದೊಂದು ಜೊತೆಯನ್ನೂ ಅದರ ಚಾರ್ಜಿನ ಡಬ್ಬಿ ಸಮೇತ ಒಂದೊಂದು ಕಾಲುಚೀಲದೊಳಗೆ ತುರುಕಿ ತಂದಿದ್ದ. ಕರುಣಾಕರಣ್ಣನ ಪಾಲಿನದ್ದು ಇನ್ನೂ ಕಾಲುಚೀಲದಲ್ಲೇ ಇತ್ತು.

"ಇದು ಮೆಷಿನ್ ಅಲ್ಲ ಪಪ್ಪ. ಬಸ್ಸಿನಲ್ಲಿ ಕಾಲೇಜಿನ ಮಕ್ಕಳ ಕಿವಿಯಲ್ಲಿ ಇರುತ್ತದಲ್ವಾ, ಅದೇ. ನಿಮ್ಮ ಫೋನಿನಲ್ಲಿ ಒಂದು ವ್ಯವಸ್ಥೆ ಉಂಟು. ಫೋನನ್ನು ಟೀಪಾಯಿ ಮೇಲೆ ಇಟ್ಟರೆ ಸಾಕು, ಅದು ಕೇಳಿಸಿಕೊಂಡದ್ದನ್ನೆಲ್ಲ ದೊಡ್ಡದು ಮಾಡಿ ನಿಮ್ಮ ಕಿವಿಗೆ ಹಾಕುತ್ತದೆ."

"ನೋಡಿದವರು ಕಿವುಡ ಅನ್ನುವುದಿಲ್ಲ ಅಲ್ವಾ?"

"ಯೂತ್ ಅಂತಾರೆ."

ಅದು ಕರುಣಾಕರಣ್ಣನಿಗೆ ಹಿಡಿಸಿತು.

ಅಭ್ಯಾಸ ಶುರುವಾಯಿತು. ಮೊದಲ ದಿನ ಬ್ಲೂಟೂತ್ ಆನ್ ಮಾಡಲು ಮರೆತು, ಕಿವಿಗೆ ಸಿಕ್ಕಿಸಿಕೊಂಡು, "ಇದು ನನಗಿಂತ ಕಿವುಡು" ಎಂದು ಬಿಸಾಡಿದರು. ಎರಡನೆಯ ದಿನ ಆನ್ ಮಾಡಿದರು, ಪಟ್ಟಿಯಲ್ಲಿ ಕಂಡ ಮೊದಲ ಹೆಸರಿನ ಮೇಲೆ ಒತ್ತಿದರು. ಅದು ಜೆರ್ಟ್ರೂಡ್ ಬಾಯಮ್ಮನ ಟಿವಿ. "ಕರುಣಾಕರ ಒಳಗೆ ಬರಬಹುದಾ ಅಂತ ನನ್ನ ಟಿವಿ ಕೇಳ್ತಾ ಉಂಟು, ಎಂತ ಸಂಗತಿ?" ಎಂದು ಬೇಲಿಯಾಚೆಯಿಂದ ಬೊಬ್ಬೆ ಬಂತು. ಮೂರನೆಯ ದಿನ ಸರಿಯಾದ ಹೆಸರು ಸಿಕ್ಕಿತು. ಕಿವಿಯೊಳಗೆ ಒಬ್ಬ ಹೆಂಗಸು ಮೆತ್ತಗೆ "ಕನೆಕ್ಟೆಡ್" ಎಂದಳು. ಕರುಣಾಕರಣ್ಣನಿಗೆ ಎಷ್ಟು ಖುಷಿಯೆಂದರೆ ಇಡೀ ದಿನ ಮೂಗಿನಿಂದ ಅವಳ ಹಾಗೆಯೇ ಹೇಳಿಕೊಂಡು ತಿರುಗಿದರು. ಊಟಕ್ಕೆ ಕೂತಾಗ "ಕನೆಕ್ಟೆಡ್", ಎದ್ದಾಗ "ಡಿಸ್‌ಕನೆಕ್ಟೆಡ್".

"ಹೊರಗಿನವಳ ಮಾತು ಎಷ್ಟು ಬೇಗ ಕೇಳಿತು ನೋಡು" ಎಂದಳು ಕುಶಲಾ.

ಆದರೆ ವ್ಯವಸ್ಥೆ ಕೆಲಸ ಮಾಡಿತು. ಫೋನನ್ನು ಚಾವಡಿಯ ಟೀಪಾಯಿ ಮೇಲಿಟ್ಟು ಕೂತರೆ ಕುಶಲಾಳ ಬಳೆಯ ಸದ್ದು, ಕುಕ್ಕರಿನ ಉಸಿರು, ಎಲ್ಲವೂ ಕೇಳಿತು. ಕರುಣಾಕರಣ್ಣ ಗೋಡೆಯತ್ತ ನೋಡಿ ಕೇಳಿದರು, "ಈ ಗಡಿಯಾರ ಯಾವಾಗ ರಿಪೇರಿ ಮಾಡಿಸಿದ್ದು?"

"ಅದು ಯಾವತ್ತೂ ಕೆಟ್ಟಿರಲಿಲ್ಲ" ಎಂದಳು ಕುಶಲಾ.

ಶನಿವಾರದವರೆಗೆ ಒಂದು ಸಲವೂ ತಪ್ಪಲಿಲ್ಲ.

ಭಾನುವಾರ ಮೂರೂವರೆಗೆ ಹೂಡೆಯ ತನ್ನ ಮನೆಯಿಂದ ಶೇಖರ ಬಂದ. ಸೋದರಮಾವ ಇಲ್ಲದೆ ಮದುವೆಯ ಮಾತು ಆಡುವ ಪದ್ಧತಿ ಇವರಲ್ಲಿ ಇಲ್ಲ. ಅವನು ಮೆಟ್ಟಿಲು ಹತ್ತುತ್ತಿದ್ದ ಹಾಗೆ ಕರುಣಾಕರಣ್ಣನ ಕಿವಿಯೊಳಗಿನ ಹೆಂಗಸು "ಡಿಸ್‌ಕನೆಕ್ಟೆಡ್" ಎಂದಳು. ತಕ್ಷಣ ಮತ್ತೆ "ಕನೆಕ್ಟೆಡ್" ಎಂದಳು. ಆಮೇಲೆ ಯಾರೋ ಗಂಡಸು ಹಿಂದಿಯಲ್ಲಿ ಬಾದಾಮಿ ಪಿಸ್ತಾದ ರಿಯಾಯಿತಿ ಮಾರಾಟದ ಬಗ್ಗೆ ಕಿರುಚತೊಡಗಿದ.

"ವಿಜೇತಾ, ನನ್ನ ಕಿವಿಯಲ್ಲಿ ಅಂಗಡಿ ತೆರೆದಿದ್ದಾರೆ!"

ಎದುರಿನ ಕುರ್ಚಿಯಲ್ಲಿ ಶೇಖರ ತನ್ನ ಫೋನನ್ನು ಅಲುಗಾಡಿಸುತ್ತಿದ್ದ. "ಭಾವ, ಇಲ್ಲಿಯ ಉಪ್ಪು ಗಾಳಿಗೆ ಸ್ಪೀಕರ್ ಹೋಯಿತಾ ಅಂತ. ವಿಡಿಯೋ ಓಡುತ್ತದೆ, ಶಬ್ದ ಇಲ್ಲ."

ವಿಜೇತಾ ಇಬ್ಬರನ್ನೂ ಒಮ್ಮೆ ನೋಡಿದಳು. "ಮಾವ, ಇದನ್ನು ಮಸ್ಕತ್‌ನಲ್ಲಿ ನಿಮ್ಮ ಫೋನಿಗೆ ಹಾಕಿ ನೋಡಿದ್ದೀರಾ?"

"ಮತ್ತೆ? ನೋಡದೆ ತರುವವನಾ ನಾನು? ಏಳು ಸೆಟ್, ಏಳನ್ನೂ ಟೆಸ್ಟ್ ಮಾಡಿದ್ದೇನೆ."

"ಅದಕ್ಕೇ. ಹಳೆಯ ಪರಿಚಯ ಕಂಡ ಕೂಡಲೇ ಇದು ಹೊಸಬರನ್ನು ಬಿಟ್ಟು ಓಡುತ್ತದೆ." ಅವಳು ಶೇಖರನ ಫೋನು ಕಸಿದುಕೊಂಡು, ಬ್ಲೂಟೂತ್ ಪಟ್ಟಿಯಲ್ಲಿದ್ದ ಆ ಹೆಸರನ್ನು ಅಳಿಸಿ, ಬ್ಲೂಟೂತನ್ನೇ ಆರಿಸಿದಳು. "ಪಪ್ಪ, ನಿಮ್ಮದರಲ್ಲೂ ಒಮ್ಮೆ ಮರೆಸಿ ಹೊಸದಾಗಿ ಜೋಡಿಸಬೇಕು."

"ಮರೆಯುವುದರಲ್ಲಿ ನಿನ್ನ ಪಪ್ಪ ಯಾವಾಗಲೂ ಫಸ್ಟ್" ಎಂದಳು ಕುಶಲಾ ಒಳಗಿನಿಂದ.

ವಿಜೇತಾ ಹೆಡ್‌ಫೋನಿನ ಎರಡು ತುಂಡನ್ನೂ ಚಾರ್ಜಿನ ಡಬ್ಬಿಯೊಳಗಿಟ್ಟು, ಡಬ್ಬಿಯ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದಳು. ದೀಪ ಮಿನುಗಿತು. ಅಂಗಳದಲ್ಲಿ ಕಾರು ನಿಂತ ಸದ್ದು. ಕರುಣಾಕರಣ್ಣನ ಫೋನು ಹುಡುಕಿತು, ಹುಡುಕಿತು, ಹುಡುಕುತ್ತಲೇ ಇತ್ತು. ಚೆನ್ನಪ್ಪನವರು ಚಪ್ಪಲಿ ಬಿಡುತ್ತಿರುವಾಗ, ಮತ್ತೆ ಕಿವಿಗೆ ಸಿಕ್ಕಿಸಿಕೊಂಡ ತುಂಡಿನೊಳಗೆ ಹೆಂಗಸು ಬಾಯಿ ಬಿಟ್ಟಳು: "ಕನೆಕ್ಟೆಡ್."

ಬಂದವರು ಮೂವರು: ಚೆನ್ನಪ್ಪನವರು, ಅವರ ಹೆಂಡತಿ ವಸಂತಿ, ಕೀರ್ತನ್. ಚೆನ್ನಪ್ಪನವರು ಕೂತು, ಕರುಣಾಕರಣ್ಣನ ಕಿವಿಯನ್ನು ಒಂದು ನಮೂನೆ ನೋಡಿ, ಜೇಬಿನಿಂದ ತಮ್ಮ ಫೋನು ತೆಗೆದು ಟೀಪಾಯಿ ಮೇಲಿಟ್ಟರು. ಅಲ್ಲಿ ಆಗಲೇ ಕರುಣಾಕರಣ್ಣನ ಫೋನು ಇತ್ತು. ಎರಡಕ್ಕೂ ಒಂದೇ ಕಂದು ಬಣ್ಣದ ಮಡಚುವ ಕವರು. ಕಾಪುವಿನಿಂದ ಕಾರ್ಕಳದವರೆಗೆ ಶಾಖೆಗಳಿರುವ ಸಹಕಾರಿ ಸೊಸೈಟಿಯೊಂದು ತನ್ನ ಸುವರ್ಣ ಮಹೋತ್ಸವಕ್ಕೆ ಸದಸ್ಯರಿಗೆಲ್ಲ ಹಂಚಿದ ಕವರು ಅದು. ಯಾರೂ ಗಮನಿಸಲಿಲ್ಲ.

ಕರುಣಾಕರಣ್ಣ ಅಂದು ಮಾತಾಡಿದರು. ತಮ್ಮ ದನಿ ತಮ್ಮದೇ ಕಿವಿಗೆ ಗುಡುಗಿನಂತೆ ಬೀಳುತ್ತಿದ್ದುದರಿಂದ ಜೀವನದಲ್ಲಿ ಮೊದಲ ಸಲ ಮೆಲ್ಲಗೆ, ಬ್ಯಾಂಕ್ ಮ್ಯಾನೇಜರರ ಹಾಗೆ ಮಾತಾಡಿದರು.

"ಬರುವಾಗ ದಾರಿ ಹೇಗಿತ್ತು?"

ಚೆನ್ನಪ್ಪನವರು ತಲೆಯಾಡಿಸಿದರು.

"ಹಾಲ್ ಉಡುಪಿಯಲ್ಲಿ ನೋಡುವುದಾ, ಕಾರ್ಕಳದಲ್ಲಿ ನೋಡುವುದಾ?"

ಚೆನ್ನಪ್ಪನವರು ತಲೆಯಾಡಿಸಿದರು.

"ಡಿಸೆಂಬರ್ ಆಗಬಹುದಾ, ಜನವರಿಯಾ?"

ಮತ್ತೆ ಅದೇ ತಲೆ, ಅದೇ ಆಟ. ಕರುಣಾಕರಣ್ಣನ ಒಳಗೆ ಹಳೆಯ ಟೈಂಕೀಪರ್ ಕುದಿಯತೊಡಗಿದ. ಮಗಳ ಮುಖ ನೋಡಿ ನುಂಗಿಕೊಂಡರು.

ಚೆನ್ನಪ್ಪನವರು ಎದ್ದರು. "ನಾವು ಸ್ವಲ್ಪ ಹೊರಗೆ ಮಾತಾಡಿ ಬರುತ್ತೇವೆ" ಎಂದು ಟೀಪಾಯಿಯಿಂದ ಕಂದು ಕವರಿನ ಫೋನೊಂದನ್ನು ಎತ್ತಿ ಜೇಬಿಗೆ ಹಾಕಿ, ಹೆಂಡತಿ ಮಗನ ಜೊತೆ ಅಂಗಳದಲ್ಲಿದ್ದ ಕಾರಿನ ಬಳಿಗೆ ಹೋದರು.

ಕರುಣಾಕರಣ್ಣನ ಕಿವಿಯಲ್ಲಿ ಬಟ್ಟೆ ಬರಬರ ಸವರಿದ ಸದ್ದು. ಹೆಜ್ಜೆಯ ಸದ್ದು. ಆಮೇಲೆ ಸ್ಫಟಿಕದಷ್ಟು ಸ್ಪಷ್ಟವಾಗಿ ವಸಂತಿಯ ದನಿ: "ಎಂತ ಮಾರಾಯ್ರೇ, ಡಿಸೆಂಬರಾ ಜನವರಿಯಾ ಅಂತ ಕೇಳಿದರೆ ತಲೆ ಆಡಿಸುವುದಾ?"

"ಡಿಸೆಂಬರಾ? ಯಾರು ಹೇಳಿದ್ದು?" ಇದು ಚೆನ್ನಪ್ಪನವರ ದನಿ. "ನನಗೆ ಅವನ ತುಟಿ ಮಾತ್ರ ಕಾಣುತ್ತದೆ. ಮಣಿಪಾಲದಲ್ಲೂ ಹಾಗೇ ಆಯಿತು. ನಲವತ್ತು ವರ್ಷ ಅಕ್ಕಿ ಮಿಲ್ಲಿನಲ್ಲಿ ಬೆಂದ ಕಿವಿ ಇದು, ಪಿಸುಮಾತು ಎಲ್ಲಿಂದ ಕೇಳಬೇಕು?"

"ಹಾಗಂತ ಹೇಳಿಬಿಡಿ ಅಪ್ಪ" ಎಂದ ಕೀರ್ತನ್.

"ಹೇಳುವುದಾ? ನಾಳೆ ಪೇಟೆಯಲ್ಲಿ ಕಿವುಡ ಚೆನ್ನಪ್ಪ ಅಂತ ಹೆಸರು ಬೀಳಲಿಕ್ಕಾ? ಮತ್ತೆ ಅವನ ಕೊಬ್ಬು ನೋಡಿದೆಯಾ ನೀನು? ಮಗಳ ಮದುವೆ ಮಾತಾಡಲು ಕೂತು ಕಿವಿಗೆ ಹಾಡು ಹಾಕಿಕೊಂಡಿದ್ದಾನೆ! ಬೇಡ. ಹತ್ತಿ ಕಾರು, ಹೋಗುವ."

ಕಾರಿನ ಬಾಗಿಲು ಟಪ್ ಎಂದಿತು.

ಕರುಣಾಕರಣ್ಣ ದಡಕ್ಕನೆ ಎದ್ದರು. "ಅವರು ಹೊರಟರು."

"ಯಾರು ಹೇಳಿದ್ದು ಭಾವ? ಫೋನು ಇಲ್ಲಿಯೇ ಇಟ್ಟುಕೊಂಡು ನಿಮಗೆ—" ಶೇಖರ ಟೀಪಾಯಿಯ ಮೇಲಿದ್ದ ಕವರು ಬಿಡಿಸಿ ನೋಡಿದ. ಪರದೆಯ ಮೇಲೆ ಚೆನ್ನಪ್ಪನವರ ಅಕ್ಕಿ ಮಿಲ್ಲು ಇತ್ತು.

ಓಡಿಹೋಗಿ ಹೇಳಬೇಕಾದ ಮಾತು ಒಂದೇ ಒಂದು. ಅದನ್ನು ಹೇಳದೆ ಇರಲಿಕ್ಕಾಗಿಯೇ ಕರುಣಾಕರಣ್ಣ ಹತ್ತು ವರ್ಷ ಸರ್ಕಸ್ ಮಾಡಿದ್ದರು. ಜಗಲಿಗೆ ಬರುವ ಹೊತ್ತಿಗೆ ಕಾರಿನ ಎಂಜಿನ್ ಶುರುವಾಗಿತ್ತು, ಬಾಗಿಲ ಬಳಿ ವಿಜೇತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕರುಣಾಕರಣ್ಣ ಎದೆ ತುಂಬಾ ಉಸಿರು ಎಳೆದುಕೊಂಡರು. ನಿವೃತ್ತಿಯ ದಿನದಿಂದ ಬೀಗ ಹಾಕಿಟ್ಟಿದ್ದ, ಹೊರಟ ಬಸ್ಸನ್ನೂ ನಿಲ್ಲಿಸುವ ಆ ದನಿ ಹೊರಬಂತು.

"ಕಾರ್ಕಳ್, ಹೋಲ್ಡಾನ್! ಚೆನ್ನಪ್ಪಣ್ಣಾ, ನನಗೆ ಕಿವಿ ಕೇಳುವುದಿಲ್ಲಾ!"

ಜೆರ್ಟ್ರೂಡ್ ಬಾಯಮ್ಮನ ಕೋಳಿಗಳು ಬೇಲಿ ಹಾರಿದವು. "ದೇವರೇ, ಕೊನೆಗೂ ಹೇಳಿದ" ಎಂದು ಆಕೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಕಾರು ನಿಂತಿತು. ಗಾಜು ಇಳಿಯಿತು. ಮೊಟ್ಟಮೊದಲ ಬಾರಿಗೆ ಕಾಪುವಿನ ಮಾತೊಂದು ಚೆನ್ನಪ್ಪನವರಿಗೆ ಪೂರ್ತಿ ಕೇಳಿಸಿತ್ತು.

"ಎಂತ ಹೇಳಿದಿರಿ?" ಇದು ಮಿಲ್ಲಿನ ದನಿ, ಭತ್ತ ಸುಲಿಯುವ ಮೂರು ಹಲ್ಲರ್ ಒಟ್ಟಿಗೆ ಓಡುವಾಗ ಕೂಗುವಂಥದ್ದು.

"ಕಿವುಡ! ನಾನು! ಇದು ಹಾಡಲ್ಲ, ನಿಮ್ಮ ಮಾತು ಕೇಳಲಿಕ್ಕೆ ಹಾಕಿದ್ದು! ನಿಮ್ಮ ಜೇಬಿನಲ್ಲಿರುವುದು ನನ್ನ ಫೋನು!"

ಚೆನ್ನಪ್ಪನವರು ಜೇಬಿನಿಂದ ಫೋನು ತೆಗೆದು ನೋಡಿದರು. ಕವರು ಬಿಡಿಸಿದರು. ಅದರಲ್ಲಿ ನಗುತ್ತಿದ್ದ ಕುಶಲಾಳನ್ನು ನೋಡಿದರು. ತಾನು ಈಗಷ್ಟೇ ಏನೇನು ಹೇಳಿದೆ ಎಂದು ನೆನಪಾಗುತ್ತಾ ಆಗುತ್ತಾ ಅವರ ಮುಖ ಕಿವಿಯವರೆಗೆ ಕೆಂಪಾಯಿತು. "ಎಲ್ಲ ಕೇಳಿತಾ?"

"ಕೊಬ್ಬು ಅಂದದ್ದೂ ಕೇಳಿತು. ಬೇಜಾರಿಲ್ಲ. ಹೋಟೆಲಿನಿಂದ ಬರುವಾಗ ನಾನು ನಿಮ್ಮ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ."

ಕರುಣಾಕರಣ್ಣ ಅಷ್ಟರಲ್ಲಿ ಕಾರಿನ ಬಳಿಗೆ ಬಂದಿದ್ದರು. ಇಬ್ಬರೂ ಗಾಜಿನ ಆಚೆಯೀಚೆ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಚೆನ್ನಪ್ಪನವರು. ಆ ನಗುವೂ ಮಿಲ್ಲಿನದ್ದೇ. ಅತ್ತ ಕೀರ್ತನ್ ಕಾರಿನಿಂದ ಇಳಿದು ವಿಜೇತಾಳಿಗೆ, "ನಿನ್ನ ಪಪ್ಪನಿಗೂ? ನನಗೆ ಯಾಕೆ ಹೇಳಲಿಲ್ಲ?" ಎಂದ.

"ಪಪ್ಪ ಆಣೆ ಹಾಕಿಸಿದ್ದರು. ನೀನು ಯಾಕೆ ಹೇಳಲಿಲ್ಲ?"

"ಅದೇ ಕಾರಣ."

ಕರುಣಾಕರಣ್ಣ ಬಲಗಿವಿಯ ತುಂಡನ್ನು ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಚೆನ್ನಪ್ಪನವರ ಕಿವಿಗೆ ತಾವೇ ಸಿಕ್ಕಿಸಿದರು. ಫೋನು ಮತ್ತೆ ಟೀಪಾಯಿಗೆ ಬಂತು. ಚೆನ್ನಪ್ಪನವರು ಕೂತು, ತಲೆ ವಾಲಿಸಿ, ಹುಬ್ಬು ಗಂಟಿಕ್ಕಿದರು. "ಇದೆಂತ ಟಿಕ್ ಟಿಕ್?"

"ನಮ್ಮ ಗಡಿಯಾರ" ಎಂದರು ಕರುಣಾಕರಣ್ಣ ಹೆಮ್ಮೆಯಿಂದ. "ಅದು ಯಾವತ್ತೂ ಕೆಟ್ಟಿರಲಿಲ್ಲ."

ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಮದುವೆ ಜನವರಿಯಲ್ಲಿ. ಹಾಲ್ ಉಡುಪಿಯಲ್ಲೂ ಅಲ್ಲ, ಕಾರ್ಕಳದಲ್ಲೂ ಅಲ್ಲ, ಮಣಿಪಾಲದಲ್ಲಿ. ಮದುವೆ ಮುಗಿದ ಮರುದಿನವೇ ಇಬ್ಬರೂ ಒಟ್ಟಿಗೆ ಹೋಗಿ ನಿಜವಾದ ಕಿವಿಯ ಮೆಷಿನ್ ಹಾಕಿಸಿಕೊಳ್ಳುವುದು. ಅಲ್ಲಿಯವರೆಗೆ ಇದೇ ಸಾಕು, ಫೋಟೋದಲ್ಲಿ ಯೂತ್ ಕಾಣಬೇಕಲ್ವಾ.

ಆ ಸಂಭ್ರಮದಲ್ಲಿ ಚೆನ್ನಪ್ಪನವರು ಬಲಗಿವಿಯ ತುಂಡನ್ನು ಹಾಕಿಕೊಂಡೇ ಹೋದರು. ಕೀರ್ತನ್ ಮನೆ ಮುಟ್ಟಿದವನೇ ಅದನ್ನು ಅವರ ಫೋನಿಗೆ ಜೋಡಿಸಿಕೊಟ್ಟ. ಕರುಣಾಕರಣ್ಣ ವಾಪಸು ಕೇಳಲಿಲ್ಲ. ತೊಂದರೆ ಒಂದೇ. ಚಾರ್ಜ್ ಮಾಡುವ ಡಬ್ಬಿ ಕಾಪುವಿನಲ್ಲಿತ್ತು, ಆ ತುಂಡಿನ ಉಸಿರು ಐದು ಗಂಟೆಯಷ್ಟೆ.

"ಡಬ್ಬಿಯನ್ನೂ ಅವರಿಗೇ ಕೊಟ್ಟುಬಿಡಿ ಪಪ್ಪ, ಬೇರೆ ತರುವ."

"ಬೇಡ" ಎಂದರು ಕರುಣಾಕರಣ್ಣ. ಹಳೆಯ ಡೈರಿ ತೆಗೆದು, ಗೆರೆ ಎಳೆದು, ಒಂದು ವೇಳಾಪಟ್ಟಿ ಬರೆದರು. ಬೆಳಿಗ್ಗೆ ಆರು ಹತ್ತಕ್ಕೆ ಕಾರ್ಕಳದಿಂದ ಹೊರಡುವ ಬಸ್ಸಿನಲ್ಲಿ ತುಂಡು ಬೆಂಕಿಪೆಟ್ಟಿಗೆಯೊಳಗೆ ಕೂತು, ಬೆಳ್ಮಣ್ ಶಿರ್ವ ದಾಟಿ ಕಾಪುವಿಗೆ ಬರುವುದು. ಒಂದು ಗಂಟೆ ಡಬ್ಬಿಯಲ್ಲಿ ವಿಶ್ರಾಂತಿ. ಎಂಟು ಇಪ್ಪತ್ತಕ್ಕೆ ಅದೇ ಬಸ್ಸಿನಲ್ಲಿ ವಾಪಸು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರುವಾಗ ಜೊತೆಗೊಂದು ಚೀಲ ಮಿಲ್ಲಿನ ಕುಚ್ಚಲಕ್ಕಿ, ಹೋಗುವಾಗ ಐಸಿನಲ್ಲಿಟ್ಟ ಬಂಗುಡೆ. ಒಂದು ತಿಂಗಳಿಂದ ಹೀಗೇ ನಡೆದಿದೆ.

ಈ ಮಂಗಳವಾರ ಆ ಬಸ್ಸಿಗೆ ಚಂದು ಎಂಬ ಹೊಸ ಕಂಡಕ್ಟರ್ ಬಂದಿದ್ದ. ಕರುಣಾಕರಣ್ಣ ಬೆಂಕಿಪೆಟ್ಟಿಗೆ, ಮೀನಿನ ಕಟ್ಟು ಕೊಟ್ಟು, ಬಸ್ಸಿನ ತಗಡಿಗೆ ಎರಡು ಪೆಟ್ಟು ಹೊಡೆದು "ರೈಟ್, ಪೋಯಿ!" ಎಂದು ಹೊರಡಲು ಹೇಳಿದರು. ಚಂದು ಮೆಟ್ಟಿಲಿನಿಂದ ಏನೋ ಕೇಳಿದ.

ಮೊದಲಾಗಿದ್ದರೆ ಕರುಣಾಕರಣ್ಣ ತಲೆಯಾಡಿಸುತ್ತಿದ್ದರು.

"ದೊಡ್ಡ ಹೇಳು ಮಾರಾಯ, ನನಗೆ ಕಿವಿ ಕೇಳುವುದಿಲ್ಲ!"

"ಕಾರ್ಕಳದಲ್ಲಿ ಯಾರಿಗೆ ಕೊಡುವುದಾ ಅಂತ!"

ಕರುಣಾಕರಣ್ಣ ಬಾಯಿ ತೆರೆಯುವ ಮೊದಲೇ, ದಿನಾ ಅದೇ ಬಸ್ಸಿನಲ್ಲಿ ಹೋಗುವ ಟೀಚರುಗಳು, ಬೀಡಿ ಚೀಲದ ಹೆಂಗಸರು, ಹಿಂದಿನ ಸೀಟಿನ ಕಾಲೇಜಿನವರು ಎಲ್ಲ ಒಟ್ಟಿಗೆ ಕೂಗಿದರು:

"ಚೆನ್ನಪ್ಪಣ್ಣನಿಗೆ!"