ಉಯ್ಯಾಲೆ ಸ್ಪ್ಯಾನಿಷ್

ಬ್ಲಾಕ್‌ಪಳ್ಳಿಯ ಹೆರಿಗೆ ಆಸ್ಪತ್ರೆಯ ನರ್ಸ್ ಆದಿಲಕ್ಷ್ಮಿಗೆ ಒಂದು ಜಂಬವಿತ್ತು. ಈಗ ಶಿವಾಜಿನಗರ ಎಂದು ಕರೆಸಿಕೊಳ್ಳುವ ಆ ಪೇಟೆಯಲ್ಲಿ ಯಾವ ಭಾಷೆಯ ಹೆಂಗಸು ನೋವು ತಿನ್ನುತ್ತ ಬಂದರೂ ಅವಳ ಮಾತಿನಲ್ಲೇ ಹೆರಿಗೆ ಮಾಡಿಸಬಲ್ಲೆ ಎಂಬ ಜಂಬ. ಕನ್ನಡದವರಿಗೆ ‘ತಿಣುಕವ್ವಾ’, ತಮಿಳಿನವರಿಗೆ ‘ಮುಕ್ಕಮ್ಮಾ’, ಉರ್ದುವಿನವರಿಗೆ ‘ಜೋರ್ ಲಗಾವ್ ಮಾ’, ದಂಡಿನ ಆಂಗ್ಲೋ-ಇಂಡಿಯನ್ ಹೆಂಗಸರಿಗೆ ‘ಪುಶ್, ಡಿಯರ್, ಪುಶ್’. ಹಲಸೂರಿನ ಹುಡುಗಿ, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಲೇ ಇಷ್ಟನ್ನೂ ಕಲಿತವಳು. ಇನ್ನೊಂದು ಭಾಷೆ ಸರ್ಕಸ್ಸಿನ ಡೇರೆಯಿಂದ ಎದ್ದು ಬರುತ್ತದೆ ಎಂದು ಅವಳೇನು ಕನಸು ಕಂಡಿದ್ದಳೇ?

ಅದು ಯುದ್ಧದ ಕಾಲ. ದಂಡಿನ ತುಂಬ ಸೋಲ್ಜರುಗಳು, ಸಕ್ಕರೆಗೆ ರೇಷನ್, ಸಂಜೆಯಾದರೆ ಕಿಟಕಿಗಳಿಗೆ ಕಪ್ಪು ಬಟ್ಟೆ. ಅಂಥದರಲ್ಲೂ ಒಂದು ಸರ್ಕಸ್ ಕಂಪನಿ ಬಂದು ಮೈದಾನದಲ್ಲಿ ಬೀಡುಬಿಟ್ಟಿತ್ತು. ರಾತ್ರಿ ದೀಪ ಹಚ್ಚುವ ಹಾಗಿಲ್ಲವೆಂದು ಮಟಮಟ ಮಧ್ಯಾಹ್ನವೇ ಆಟ ಆಡಿಸುತ್ತಿತ್ತು. ಆ ಕಂಪನಿಯಲ್ಲಿ ಸ್ಪೇನಿನಿಂದ ಬಂದ ಗಂಡಹೆಂಡಿರಿದ್ದರು, ಮತೇಯೊ ಮತ್ತು ರೊಸಾರಿಯೊ. ಯಾವುದೋ ವಿಲಾಯತಿ ಸರ್ಕಸ್ಸಿನ ಜೊತೆ ಹಡಗು ಹತ್ತಿ ಬಂದವರು, ಯುದ್ಧ ಶುರುವಾಗಿ ವಾಪಸು ಹೋಗಲಾರದೆ ಇಲ್ಲಿಯ ಕಂಪನಿ ಸೇರಿಕೊಂಡಿದ್ದರು. ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವುದು ಅವಳ ಕೆಲಸ, ಹಾರಿ ಬಂದವಳನ್ನು ಹಿಡಿಯುವುದು ಅವನ ಕೆಲಸ.

ಆ ರೊಸಾರಿಯೊ ಈಗ ತುಂಬು ಬಸುರಿ. ಲೇಡಿ ಡಾಕ್ಟರ ಕೋಣೆಯಲ್ಲಿ ಕುರ್ಚಿಯ ತುದಿಗೆ ಕುಳಿತು, ಯಾರ ಮುಖವನ್ನೂ ನೋಡದೆ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಮತೇಯೊ ಮುರುಕು ಇಂಗ್ಲಿಷಿಗೆ ಮುರುಕು ಹಿಂದೂಸ್ತಾನಿ ಸೇರಿಸಿ ಸಂಗತಿ ಹೇಳಿದ. ಮೊದಲ ಹೆರಿಗೆ ಬೇರೆ ಯಾವುದೋ ಬಂದರಿನ ಊರಿನಲ್ಲಿ ಆಗಿತ್ತು. ಮಗುವಿನ ಕತ್ತಿಗೆ ಕರುಳಬಳ್ಳಿ ಸುತ್ತಿಕೊಂಡಿತ್ತಂತೆ. ‘ತಡಿ, ತಡಿ’ ಎಂದು ಅಲ್ಲಿಯವರು ಅವರ ಭಾಷೆಯಲ್ಲಿ ಕೂಗಿದರು. ಇವಳಿಗೆ ಒಂದಕ್ಷರ ತಿಳಿಯಲಿಲ್ಲ. ಹೆದರಿ ಇನ್ನಷ್ಟು ತಿಣುಕಿದಳು. ಅಷ್ಟು ಹೇಳಿ ಮತೇಯೊ ಕೈಯಲ್ಲಿದ್ದ ಟೋಪಿಯನ್ನು ಹಿಂಡತೊಡಗಿದ.

ರೊಸಾರಿಯೊ ತಲೆ ಎತ್ತದೆಯೇ ಏನೋ ಅಂದಳು. ತನ್ನ ಮಾತು ಬಲ್ಲವರು ಪಕ್ಕದಲ್ಲಿ ಇಲ್ಲದಿದ್ದರೆ ಆಸ್ಪತ್ರೆಗೆ ಕಾಲಿಡುವುದಿಲ್ಲ, ಡೇರೆಯಲ್ಲೇ ಹೆರುತ್ತೇನೆ, ಆದದ್ದಾಗಲಿ ಅನ್ನುತ್ತಿದ್ದಾಳೆ ಎಂದು ಮತೇಯೊ ತಿಳಿಸಿದ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಇವರನ್ನೇ ಒಳಗೆ ಬಿಡೋಣ ಅಂದ್ರೆ ಗೋಷಾದ ಹೆಣ್ಮಕ್ಳೆಲ್ಲ ಇರೋ ವಾರ್ಡು. ಹಾಗಂತ ಡೇರೆನಲ್ಲಿ ಹೆರೋಕೆ ಬಿಟ್ರೆ, ಹೋದ ಸಲದ ಥರ ಆದ್ರೆ ಯಾರು ನೋಡ್ತಾರೆ?”

“ನಾನು ಕಲೀತೀನಿ ಮೇಡಂ,” ಅಂದಳು ಆದಿಲಕ್ಷ್ಮಿ.

“ಏನನ್ನ?”

“ಅವರ ಮಾತನ್ನ. ಇನ್ನೂ ದಿನ ಇದೆಯಲ್ಲ?”

ಬಾಯಿಂದ ಮಾತು ಹಾರಿದ ಮೇಲೆ ಅದೆಷ್ಟು ದೊಡ್ಡ ಮಾತೆಂದು ಅವಳಿಗೇ ಹೊಳೆಯಿತು. ಆದರೆ ರೊಸಾರಿಯೊ ಆಗಲೇ ಗಂಡನಿಂದ ಅರ್ಥ ಕೇಳಿಕೊಂಡು, ಬಂದಾಗಿನಿಂದ ಮೊದಲ ಸಲ ತಲೆ ಎತ್ತಿ ಇವಳನ್ನೇ ನೋಡುತ್ತಿದ್ದಳು. ಆ ನೋಟ ಕಂಡ ಮೇಲೆ ಹಿಂದೆ ಸರಿಯುವುದುಂಟೇ?

ಅಂದಿನಿಂದ ಡ್ಯೂಟಿ ಮುಗಿದೊಡನೆ ಆದಿಲಕ್ಷ್ಮಿಯ ದಾರಿ ಹಲಸೂರಿನ ಬದಲು ಮೈದಾನದ ಕಡೆ ತಿರುಗಿತು. ಆನೆ ಲದ್ದಿಯ ವಾಸನೆ, ಹುಲಿ ಬೋನಿನ ಗುರುಗುರು, ಅದರ ನಡುವೆ ಪೆಟ್ಟಿಗೆಯ ಮೇಲೆ ಕುಳಿತ ರೊಸಾರಿಯೊಳ ಪಾಠಶಾಲೆ. ಮೈಯ ಭಾಗಗಳನ್ನು ಅವಳು ಮುಟ್ಟಿ ಮುಟ್ಟಿ ಹೇಳುವಳು: ತಲೆಗೆ ‘ಕಬೇಸಾ’, ಬೆನ್ನಿಗೆ ‘ಎಸ್ಪಾಲ್ದಾ’. ನೀರು ‘ಆಗ್ವಾ’, ರಕ್ತ ‘ಸಾಂಗ್ರೆ’. ನೋವಾಗುತ್ತಿದೆಯೇ ಎಂದು ಕೇಳಲು ‘ತೆ ದ್ವೆಲೆ?’ ಇವಳು ಅವಳ ಕಾಲು ಒತ್ತಿ ‘ತೆ ದ್ವೆಲೆ?’ ಎನ್ನುವಳು, ಅವಳು ಸುಳ್ಳು ಸುಳ್ಳೇ ‘ಅಯ್ಯಯ್ಯೋ’ ಎಂದು ನರಳುವಳು. ಆ ‘ಅಯ್ಯಯ್ಯೋ’ ಆದಿಲಕ್ಷ್ಮಿಯೇ ಅವಳಿಗೆ ಕಲಿಸಿದ್ದು.

ಹೆರಿಗೆಯ ಹೊತ್ತಿಗೆ ಬೇಕಾದ ಮಾತುಗಳನ್ನು ಮಾತ್ರ ಮುಟ್ಟಿ ತೋರಿಸಲು ಬರುವುದಿಲ್ಲ. ಅವಕ್ಕೆ ಮತೇಯೊ ಗುರು. ಹಿಂದೂಸ್ತಾನಿಯಲ್ಲಿ ಇವಳು ಕೇಳುವಳು, ಅವನು ಯೋಚಿಸದೆ ಪಟಪಟ ಉತ್ತರಿಸುವನು. ತಡಿ ಅನ್ನಲು ‘ಎಸ್ಪೆರಾ’. ಈಗ ಅನ್ನಲು ‘ಯಾ’. ಬಿಡು ಅನ್ನಲು ‘ಸ್ವೆಲ್ತಾ’. ಬಲ ಹಾಕು ಅನ್ನಲು ‘ಫ್ವೆರ್ಸಾ’. ಕೊನೆಗೆ, ನಿನ್ನನ್ನು ಹಿಡಿದುಕೊಂಡಿದ್ದೇನೆ ಅನ್ನಲು ‘ತೆ ತೆಂಗೊ’. ಎಷ್ಟು ಚುರುಕಾದ ಮೇಷ್ಟ್ರು ಎಂದು ಆದಿಲಕ್ಷ್ಮಿ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಕಲಿತದ್ದನ್ನು ಅವಳು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. ವಾರ್ಡಿನಲ್ಲಿ ಆಯಾ ಶಮೀಮ್ ಸೆರಗಿನೊಳಗೆ ದಿಂಬು ಸಿಕ್ಕಿಸಿಕೊಂಡು ಬಸುರಿಯಾಗುವಳು. ಇವಳು ‘ಎಸ್ಪೆರಾ, ಎಸ್ಪೆರಾ’ ಎನ್ನುವಳು. ಶಮೀಮ್ ‘ನಹೀ ಹೋತಾ ಮಾ’ ಎಂದು ದಿಂಬನ್ನು ಹೆತ್ತೇಬಿಡುವಳು. ಮನೆಯಲ್ಲಿ ತಾಯಿ ವೆಂಕಟಮ್ಮ ರಾಗಿಮುದ್ದೆ ತಿರುವುತ್ತಿದ್ದರೆ ಪಕ್ಕದಲ್ಲಿ ನಿಂತು ‘ಫ್ವೆರ್ಸಾ!’

“ಯಾರನ್ನೇ ಬೈತಿದೀಯಾ?” ವೆಂಕಟಮ್ಮ ಕೋಲೆತ್ತಿ ಕೇಳಿದರು.

“ಬೈಗುಳ ಅಲ್ಲಮ್ಮ, ಹೆರಿಗೆ ಮಾತು.”

“ಮುದ್ದೆ ಹೆರಲ್ಲ ಕಣೇ. ಹೋಗಿ ಕೈಕಾಲು ತೊಳ್ಕೊ.”

ಒಂದು ಎಡವಟ್ಟೂ ಆಯಿತು. ಮೊದಲ ದಿನ ಪಾಠ ಮುಗಿಸಿ ಎದ್ದಾಗ ‘ಬರ್ತೀನಿ’ ಅನ್ನುವುದಕ್ಕೆ ಮತೇಯೊನಿಂದ ಮಾತು ಕೇಳಿ ಕಲಿತು, ‘ಬೆಂಗೊ’ ಎಂದು ಗಟ್ಟಿಯಾಗಿ ಹೇಳಿ ಆದಿಲಕ್ಷ್ಮಿ ಮನೆಗೆ ಹೋದಳು. ಮರುದಿನ ಬಂದರೆ ರೊಸಾರಿಯೊ ಮುಖ ಊದಿಸಿಕೊಂಡಿದ್ದಳು. ಈಗಲೇ ಬರುತ್ತಾಳೆಂದು ಸೂಪು ಬಿಸಿ ಮಾಡಿ, ರೇಷನ್ ಸಕ್ಕರೆ ಸುರಿದು ಪಾಯಸದಂಥದ್ದೇನೋ ಕಾಯಿಸಿ, ಕತ್ತಲಾಗುವವರೆಗೂ ಉಣ್ಣದೆ ಕಾದಿದ್ದಳಂತೆ. ಆದಿಲಕ್ಷ್ಮಿ ಹಣೆ ಚಚ್ಚಿಕೊಂಡಳು. ನಮ್ಮಲ್ಲಿ ‘ಹೋಗ್ತೀನಿ’ ಅಂತ ಯಾರೂ ಹೇಳುವುದಿಲ್ಲ, ಅದರಲ್ಲೂ ಬಸುರಿಯ ಮನೆಯಿಂದ ಹೊರಡುವಾಗ ಅಂಥ ಮಾತು ಆಡಬಾರದು, ಹೊರಡುವವರೂ ‘ಬರ್ತೀನಿ’ ಅಂತಲೇ ಹೊರಡುವುದು ಎಂದು ವಿವರಿಸಿದಳು. ಅರ್ಥವಾದ ಮೇಲೆ ರೊಸಾರಿಯೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತೆಂದು ಮತೇಯೊ ಆಮೇಲೆ ಹೇಳಿದ. ಅಂದಿನಿಂದ ಇವಳು ‘ಬೆಂಗೊ’ ಎಂದರೆ ಅವಳು ‘ಹೋಗ್ಬಾ’ ಎನ್ನುವಳು.

ದಿನ ತುಂಬುತ್ತ ಬಂತು. ಒಂದು ಮಧ್ಯಾಹ್ನ ಬಿಡುವು ಸಿಕ್ಕಿ, ಮತೇಯೊ ಕೊಟ್ಟ ಪಾಸು ಹಿಡಿದು ಆದಿಲಕ್ಷ್ಮಿ ಶಮೀಮಳ ಜೊತೆ ಆಟ ನೋಡಲು ಹೋದಳು. ಆನೆ ಬಂತು, ಜೋಕರು ಬಿದ್ದ, ಕುದುರೆ ಕುಣಿಯಿತು. ಆಮೇಲೆ ಡೇರೆಯ ನೆತ್ತಿಯಲ್ಲಿ ಮತೇಯೊ ಉಯ್ಯಾಲೆಗೆ ಮಂಡಿ ಸಿಕ್ಕಿಸಿ ತಲೆಕೆಳಗಾಗಿ ಜೀಕತೊಡಗಿದ. ಎದುರಿನ ಉಯ್ಯಾಲೆಯಲ್ಲಿ ರೊಸಾರಿಯೊಳ ಬದಲಿಗೆ ಸೇರಿದ ಹೊಸ ಹುಡುಗಿ. ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಮೇಲಿನಿಂದ ಅವನ ದನಿ ಕೇಳಿತು:

“ಎಸ್ಪೆರಾ... ಎಸ್ಪೆರಾ... ಯಾ! ಸ್ವೆಲ್ತಾ!”

ಹುಡುಗಿ ಉಯ್ಯಾಲೆ ಬಿಟ್ಟಳು, ಗಾಳಿಯಲ್ಲಿ ಪಲ್ಟಿ ಹೊಡೆದಳು, ಅವನ ಕೈಗೆ ಬಂದಳು.

“ತೆ ತೆಂಗೊ!”

ಜನವೆಲ್ಲ ಚಪ್ಪಾಳೆ ತಟ್ಟಿದರು. ಆದಿಲಕ್ಷ್ಮಿಯ ಮುಖ ಮಾತ್ರ ಹರಳೆಣ್ಣೆ ಕುಡಿದವಳ ಹಾಗಾಯಿತು. ಶಮೀಮ್ ಅವಳ ತೊಡೆ ಚಿವುಟಿ, “ಅರೆ, ಇದು ನಮ್ಮ ದಿಂಬಿನ ಪಾಠ ಅಲ್ವಾ?” ಎಂದಳು.

ಆಟ ಮುಗಿಯುವವರೆಗೂ ಕಾಯದೆ ಅವಳು ಡೇರೆಯ ಹಿಂಭಾಗಕ್ಕೆ ನುಗ್ಗಿದಳು. ಮತೇಯೊ ಬೆವರು ಒರೆಸಿಕೊಳ್ಳುತ್ತಿದ್ದ. ಪೆಟ್ಟಿಗೆಯ ಮೇಲೆ ರೊಸಾರಿಯೊ.

“ಹೆರಿಗೆ ಮಾತು ಹೇಳ್ಕೊಡಿ ಅಂದ್ರೆ ಸರ್ಕಸ್ ಮಾತು ಹೇಳ್ಕೊಟ್ಟಿದೀರಲ್ರೀ!” ಹಿಂದೂಸ್ತಾನಿ ಮರೆತು ಕನ್ನಡದಲ್ಲೇ ಬೈದಳು. “ಹೆರಿಗೆ ಕೋಣೆನಲ್ಲಿ ನಾನೇನು ಉಯ್ಯಾಲೆ ಕಟ್ಲಾ?”

ಮಾತು ತಿಳಿಯದಿದ್ದರೂ ಕೋಪ ತಿಳಿಯಿತು. ಮತೇಯೊ ಕಿವಿಯವರೆಗೂ ಕೆಂಪಾದ. ತಾನು ಡೇರೆಯಲ್ಲೇ ಹುಟ್ಟಿ ಬೆಳೆದವನು, ಸೂಲಗಿತ್ತಿಯರು ಏನು ಮಾತಾಡುತ್ತಾರೆಂದು ತನಗೇನು ಗೊತ್ತು, ಇವಳು ಕೇಳಿದ ಅರ್ಥಕ್ಕೆ ದಿನಾ ಕೂಗುವ ಮಾತನ್ನೇ ಕೊಟ್ಟೆ ಎಂದು ತಡವರಿಸಿದ. ‘ಫ್ವೆರ್ಸಾ’ ಎಂದರೆ ಡೇರೆಯ ಹಗ್ಗ ಎಳೆಯುವವರಿಗೆ ಹೇಳುವುದು ಎಂದೂ ಒಪ್ಪಿಕೊಂಡ. ಆಮೇಲೆ ಮೆಲ್ಲಗೆ ಒಂದು ಮಾತು ಸೇರಿಸಿದ: ಹಾರುವವರು ಪಲ್ಟಿಯಲ್ಲಿ ಏನನ್ನೂ ನೋಡಲಾರರು. ಕಿವಿಯೇ ಅವರ ಕಣ್ಣು. ರೊಸಾರಿಯೊ ಲಂಗ ತೊಡುವ ವಯಸ್ಸಿನಿಂದ ಆ ಮಾತು ಕೇಳಿ ಹಾರಿದವಳು, ‘ತೆ ತೆಂಗೊ’ ಕಿವಿಗೆ ಬೀಳುವವರೆಗೂ ಉಸಿರು ಬಿಡುವವಳಲ್ಲ.

“ಉಸಿರು ಕಟ್ಕೊಂಡು ಹೆರ್ತಾರೇನ್ರೀ ಯಾರಾದ್ರೂ?” ಎಂದು ಆದಿಲಕ್ಷ್ಮಿ ಇನ್ನೊಂದು ಸುತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ರೊಸಾರಿಯೊ ಪೆಟ್ಟಿಗೆಯಿಂದ ಎದ್ದು ನಿಂತಳು. ಕಾಲ ಬುಡದಲ್ಲಿ ಮಣ್ಣು ಒದ್ದೆಯಾಗಿತ್ತು.

“ಲಕ್ಷ್ಮೀ,” ಅಂದಳು, “ಅಯ್ಯಯ್ಯೋ.”

ಈ ಸಲ ಅದು ಸುಳ್ಳಲ್ಲ. ಜಗಳ ಅಲ್ಲೇ ಬಿತ್ತು. ಜಟಕಾ ಬಂತು, ಶಮೀಮ್ ಮುಂದೆ ಕುಳಿತು ದಾರಿ ಬಿಡಿಸಿದಳು, ಮತೇಯೊ ಮಿಣಮಿಣ ಮಿನುಗುವ ಸರ್ಕಸ್ ಬಟ್ಟೆಯಲ್ಲೇ ಗಾಡಿಯ ಹಿಂದೆ ಓಡಿಬಂದ. ರಸ್ತೆಯ ಜನ ಅದೂ ಆಟದ ಭಾಗವೇ ಎಂದು ನಿಂತು ನೋಡಿದರು.

ಹೆರಿಗೆ ಕೋಣೆಯ ಬಾಗಿಲು ಮುಚ್ಚಿತು. ಮತೇಯೊ ಹೊರಗೆ ವರಾಂಡದ ಕಂಬ ಹಿಡಿದು ನಿಂತ. ಒಳಗೆ ನೋವು ಏರುತ್ತ ಹೋದ ಹಾಗೆ ರೊಸಾರಿಯೊಳ ಕಣ್ಣಿಗೆ ಆ ಹಳೆಯ ಬಂದರಿನ ಊರು ಬಂದು ಕೂತಿತು. ಆದಿಲಕ್ಷ್ಮಿ ಸೊಂಟ ನೀವಿ ‘ತೆ ದ್ವೆಲೆ?’ ಎಂದು ಕೇಳಿದಳು. ನೀರು ಬೇಕೇ ಎಂದು ಲೋಟ ಹಿಡಿದಳು. ಮಂಚದ ಕಂಬಿಯನ್ನು ಹಿಡಿದವಳು ಯಾರ ಮಾತಿಗೂ ಸಿಗದೆ ಒಬ್ಬಳೇ ಎಲ್ಲೋ ಹೊರಟುಹೋಗಿದ್ದಳು.

ಮಗುವಿನ ತಲೆ ಕಂಡಿತು. ಆದಿಲಕ್ಷ್ಮಿ ಬೆರಳಾಡಿಸಿದಳು. ಕತ್ತಿನ ಸುತ್ತ ಬಳ್ಳಿ ಸಿಕ್ಕಿತು, ಬಿಗಿಯಾಗಿ.

“ಮೇಡಂ, ಸುತ್ತಿಕೊಂಡಿದೆ.”

“ತಡೆಸು ಅವಳನ್ನ,” ಡಾಕ್ಟರಮ್ಮ ಅಂದರು. “ಈಗ ತಿಣುಕಿದ್ರೆ ಕಷ್ಟ.”

“ಎಸ್ಪೆರಾ, ರೊಸಾರಿಯೊ,” ಆದಿಲಕ್ಷ್ಮಿ ಆಸ್ಪತ್ರೆಯ ಮೆತ್ತನೆಯ ದನಿಯಲ್ಲಿ ಹೇಳಿದಳು. “ಎಸ್ಪೆರಾ ಅಮ್ಮಾ.”

ಅವಳಿಗೆ ಕೇಳಲಿಲ್ಲ. ಕತ್ತಿನ ನರ ಉಬ್ಬಿತು, ಇನ್ನೊಂದು ನೋವು ಎದ್ದು ಬರುತ್ತಿತ್ತು. ಆದಿಲಕ್ಷ್ಮಿಗೆ ಎಲ್ಲಿಲ್ಲದ ಭಯವಾಯಿತು. ಆ ಭಯದಲ್ಲೇ ಡೇರೆಯ ನೆತ್ತಿಯಿಂದ ತಲೆಕೆಳಗಾಗಿ ನೇತಾಡುತ್ತಿದ್ದ ಮತೇಯೊನ ದನಿ ನೆನಪಾಯಿತು. ಅವನು ಹಾಗೆ ಮೆತ್ತಗೆ ಎಲ್ಲಿ ಹೇಳಿದ್ದ? ನಾಚಿಕೆ, ಆಸ್ಪತ್ರೆಯ ಶಿಸ್ತು ಎರಡನ್ನೂ ಬದಿಗಿಟ್ಟು, ಎದೆಯ ಆಳದಿಂದ ಗಂಡಸಿನ ಹಾಗೆ ಕೂಗಿದಳು:

“ಎಸ್ಪೆರಾ!”

ರೊಸಾರಿಯೊಳ ಮೈ ನಿಂತಿತು. ಬಾಯಿ ತೆರೆದದ್ದು ತೆರೆದ ಹಾಗೆ, ಕಂಬಿಯ ಮೇಲಿನ ಬೆರಳು ಬಿಗಿದದ್ದು ಬಿಗಿದ ಹಾಗೆ. ನೋವು ಅವಳೊಳಗೆ ಗುದ್ದುತ್ತಿತ್ತು, ಮೈ ನಡುಗುತ್ತಿತ್ತು, ಆದರೂ ಅವಳು ಕದಲಲಿಲ್ಲ. ಕಿವಿ ಮಾತ್ರ ಎಚ್ಚರವಾಗಿತ್ತು.

“ಎಸ್ಪೆರಾ... ಎಸ್ಪೆರಾ...” ಆದಿಲಕ್ಷ್ಮಿಯ ಬೆರಳು ಬಳ್ಳಿಯ ಕೆಳಗೆ ತೂರಿತು. ಒಂದಿಷ್ಟು ಸಡಿಲವಾಯಿತು, ಇನ್ನೊಂದಿಷ್ಟು. ಕಿವಿಯ ಮೇಲಿಂದ ತಲೆಯ ಮೇಲಿಂದ ಸರಿದು ಕುಣಿಕೆ ಕಳಚಿಕೊಂಡಿತು.

“ಯಾ! ಸ್ವೆಲ್ತಾ!”

ರೊಸಾರಿಯೊ ಕಂಬಿ ಬಿಟ್ಟಳು. ಮಗು ಜಾರಿ ಆದಿಲಕ್ಷ್ಮಿಯ ಕೈಗೆ ಬಂತು. ಹೆಣ್ಣು, ಕಪ್ಪು ಕೂದಲು, ಬಿಗಿದ ಮುಷ್ಟಿ. ಶಮೀಮ್ ಬೆನ್ನು ಉಜ್ಜಿದಳು. ಮಗು ಒಮ್ಮೆ ಸೀನಿ, ಇಡೀ ಬ್ಲಾಕ್‌ಪಳ್ಳಿಗೆ ಕೇಳುವ ಹಾಗೆ ಕಿರುಚಿತು. ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದರು.

ಆದರೆ ರೊಸಾರಿಯೊ ನಗಲಿಲ್ಲ, ಅಳಲಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿದು ಮಲಗಿದ್ದಳು. ಮಗುವಿನ ಅಳು ಕೇಳಿಯೂ ನಂಬದವಳ ಹಾಗೆ. ಆದಿಲಕ್ಷ್ಮಿಗೆ ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ತಾನು ಹೇಳಬೇಕಾದ ಮಾತು ಇನ್ನೊಂದು ಉಳಿದಿದೆ. ಅದು ಕಿವಿಗೆ ಬೀಳದೆ ಇವಳು ಉಸಿರು ಬಿಡುವುದಿಲ್ಲ.

ಮಗುವನ್ನು ಅವಳ ಎದೆಯ ಮೇಲಿಟ್ಟು, ಎರಡೂ ಕೈಯಿಂದ ಹಿಡಿದುಕೊಂಡೇ, ಗಟ್ಟಿಯಾಗಿ ಹೇಳಿದಳು:

“ತೆ ತೆಂಗೊ.”

ರೊಸಾರಿಯೊಳ ಎದೆಯಿಂದ ಉಸಿರು ಹೊರಬಿತ್ತು, ಆ ಬಂದರಿನ ಊರಿನಿಂದ ಕಟ್ಟಿಟ್ಟುಕೊಂಡಿದ್ದ ಉಸಿರು. ಕಣ್ಣು ತೆರೆದು ಮಗಳನ್ನು ನೋಡಿದಳು, ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅವಳನ್ನು ನೋಡಿ ಶಮೀಮ್ ಅತ್ತಳು, ಶಮೀಮಳನ್ನು ನೋಡಿ ಆದಿಲಕ್ಷ್ಮಿಯೂ ಅತ್ತಳು.

ಕಣ್ಣೊರೆಸಿಕೊಂಡು ಶಮೀಮ್ ಸುದ್ದಿ ಹೇಳಲು ವರಾಂಡಕ್ಕೆ ಓಡಿದಳು. ಮತೇಯೊ ಆಗಲೇ ಕಂಬದ ಬುಡದಲ್ಲಿ ಕುಳಿತು, ಮಿನುಗುವ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದ. ನಾನಿನ್ನೂ ಹೇಳಿಯೇ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು. ಒಳಗಿನ ಮಾತೆಲ್ಲ ಕೇಳಿಸಿತು ಎಂದ ಅವನು. ಕೊನೆಯ ಆ ಮಾತನ್ನು ಕೈಗೆ ಸಿಗುವ ಮೊದಲು ಯಾರೂ ಹೇಳುವುದಿಲ್ಲ, ಸಿಕ್ಕಿದ ಮೇಲೆಯೇ ಹೇಳುವುದು.

ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆಯುವ ಹೊತ್ತಿಗೆ ಆದಿಲಕ್ಷ್ಮಿ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು “ಬೆಂಗೊ” ಅಂದಳು. ರೊಸಾರಿಯೊ ಮಲಗಿದಲ್ಲಿಂದಲೇ ಮಗಳ ಪುಟ್ಟ ಕೈ ಹಿಡಿದು ಆಡಿಸಿದಳು.

“ಹೋಗ್ಬಾ, ಲಕ್ಷ್ಮೀ.”