ಐದರ ಮುಂದೆ ಏಳು ಸೊನ್ನೆ

ನನ್ನ ಸೊಸೆ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಪ್ರತಿ ಹೊಸ ಪಾಠವನ್ನೂ ಮೊದಲು ನನ್ನ ತಲೆಗೆ ತುಂಬಿ ನೋಡುತ್ತಾಳೆ. ಮೂರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಮುದುಕಿಗೆ ಅರ್ಥವಾದರೆ ಮೇಜು ಕುರ್ಚಿಗೂ ಅರ್ಥವಾಗುತ್ತದೆ ಎಂಬುದು ಅವಳ ಲೆಕ್ಕ. ನಾನೂ ಬಿಡುವವಳಲ್ಲ. ಗಂಡನ ತಲೆಯನ್ನು ಎಷ್ಟು ತಿಂದಿದ್ದೆನೆಂದರೆ, ಕೊನೆಕೊನೆಗೆ ಆ ಪುಣ್ಯಾತ್ಮ ಬರೀ ಟೋಪಿ ಹೊತ್ತು ತಿರುಗುತ್ತಿದ್ದ.

ಆ ಮಧ್ಯಾಹ್ನ ಅವಳು ಕಿಟಕಿಗೆ ಪರದೆ ಎಳೆದು, ಮೇಜಿನ ಮೇಲೆ ಒಂದು ಪಂಜರ ತಂದಿಟ್ಟಳು. ಬಟಾಣಿ ಕಾಳಿನಷ್ಟು ಅರವತ್ತನಾಲ್ಕು ಎಲ್‌ಇಡಿ ದೀಪಗಳು. ತಂತಿಗೆ ತಂತಿ ಬೆಸೆದು ನಾಲ್ಕು ಮಹಡಿ ಕಟ್ಟಿದ್ದಳು. ಮಹಡಿಗೂ ಮಹಡಿಗೂ ನಡುವೆ ಒಂದಿಂಚು, ನನ್ನ ಟೇಪಿನಲ್ಲೇ ಅಳೆದದ್ದು. ಪಕ್ಕದಲ್ಲಿ ಇಸ್ಪೀಟೆಲೆಯಷ್ಟು ಹಸಿರು ಬೋರ್ಡು. ಅದೇ ಕಂಪ್ಯೂಟರಂತೆ; ಅದಕ್ಕೊಂದು ಕೀಬೋರ್ಡು, ಒಂದು ಸ್ಕ್ರೀನು.

"ಏನೇ ಇದು, ಸೊಳ್ಳೆಗಳಿಗೆ ಬಂಗ್ಲೆ ಕಟ್ಟಿದ್ದೀಯಾ?"

"ತಮಾಷೆ ಆಮೇಲೆ ಅತ್ತೆ. ಒಂದು ದೀಪನ ಕೆಳಗಿನ ಮಹಡಿಯಿಂದ ಮೇಲಕ್ಕೆ ಹತ್ತಿಸ್ಬೇಕು. ಅದಕ್ಕೆ ಹೇಗೆ ಹೇಳ್ತೀರಾ?"

ಒಂದೇ ಬೆರಳಿನಲ್ಲಿ ಕುಟ್ಟಿದೆ. ಒಂದರಿಂದ ಶುರು ಮಾಡು. ದೀಪ ಹಚ್ಚು. ಐದು ಸೆಕೆಂಡು ಕಾದಿರು. ಒಂದು ಕೂಡಿಸು. ಮತ್ತೆ ದೀಪ ಹಚ್ಚು.

ನೀಲಿ ದೀಪ ಒಂದೊಂದೇ ಮಹಡಿ ಹತ್ತಿ ನಾಲ್ಕಕ್ಕೆ ಹೋಯಿತು. ಆಮೇಲೆ ಪಂಜರ ಕತ್ತಲಾಯಿತು. ಸ್ಕ್ರೀನಿನ ಮೇಲೆ ಮಾತ್ರ ಐದು, ಆರು, ಏಳು ಎಂದು ಓಡುತ್ತಲೇ ಇತ್ತು.

"ಎಲ್ಲಿ ನಿಲ್ಬೇಕು ಅಂತ ನೀವು ಹೇಳೇ ಇಲ್ವಲ್ಲ ಅತ್ತೆ. ಅದು ಹತ್ತುತ್ತಾನೇ ಇರುತ್ತೆ."

"ಇರೋದೇ ನಾಲ್ಕು ಮಹಡಿ. ಎಲ್ಲಿಗೆ ಹತ್ತುತ್ತೆ?"

"ಎಲ್ಲಿಗೂ ಇಲ್ಲ. ಸುಮ್ನೆ ಎಣಿಸ್ತಿದೆ. ಬನ್ನಿ, ಟೀ ಕುಡಿದು ಬಂದು ಸರಿಮಾಡೋಣ."

ಲೋಟ ಇನ್ನೂ ತುಟಿಯಲ್ಲಿತ್ತು, ಮೇಲಿನಿಂದ ದನಿ ಬಂತು. "ಯಾರೇ ಅದು, ದೀಪ ತಂದಿರೋದು?"

ಮೇಲಿನ ಕೋಣೆಯಲ್ಲಿದ್ದವಳು ನನ್ನ ಅಕ್ಕ. ಹಾಸಿಗೆ ಹಿಡಿದು ಎರಡು ವರ್ಷ, ಮಾತು ಬಿಟ್ಟು ಎಂಟು ತಿಂಗಳು. ನನ್ನ ಮುಖ ನೋಡಿದರೂ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು.

ಓಡಿ ಹತ್ತಿದೆವು. ಅವಳ ಮಂಚದ ಪಕ್ಕ, ನೆಲದಿಂದ ಎರಡು ಗೇಣು ಮೇಲೆ, ಬಟಾಣಿ ಕಾಳಿನಷ್ಟು ನೀಲಿ ಬೆಳಕು. ತಂತಿಯಿಲ್ಲ, ಆಸರೆಯಿಲ್ಲ. ಐದು ಸೆಕೆಂಡಿಗೆ ಒಂದಿಂಚು ಏರುತ್ತಿತ್ತು. ಅದರ ಜೊತೆಗೆ ಅಕ್ಕನೂ ಏಳುತ್ತಿದ್ದಳು. ಕತ್ತು ಎತ್ತಿದಳು, ಎದ್ದು ಕುಳಿತಳು, ನನ್ನನ್ನು ನೋಡಿ ನಕ್ಕಳು.

"ಬಾರೇ ಬುರುಡೆರಾಣಿ. ಎಷ್ಟು ಮುದಿಯಾಗಿದ್ದೀಯೇ!"

ಅದು ಅವಳೇ ನನಗಿಟ್ಟ ಹೆಸರು. ನಾನು ಅತ್ತ ನೀರಿಗೆ ಬೀದಿಯಲ್ಲಿ ದೋಣಿ ಬಿಡಬಹುದಿತ್ತು.

ಸೊಸೆಗೆ ಭಯ ಹತ್ತಿತು. ಕೆಳಗೋಡಿ ಪ್ರೋಗ್ರಾಂ ನಿಲ್ಲಿಸಿದಳು. ಆ ಕ್ಷಣಕ್ಕೆ ಅಕ್ಕನ ನಗು ಹಲ್ಲಿನ ಮೇಲೇ ನಿಂತಿತು. ಉಸಿರಿಲ್ಲ, ರೆಪ್ಪೆ ಅಲುಗಲಿಲ್ಲ. ಸೊಸೆ ಮೊದಲ ಸಾಲಿಗೆ ನಿಂತ ಅಂಕಿ ಹಾಕಿ, 'ಕೂಡಿಸು' ಎಂದಿದ್ದನ್ನು 'ಕಳೆ' ಎಂದು ಬದಲಿಸಿ ಮತ್ತೆ ಓಡಿಸಿದಾಗ ಅಕ್ಕನಿಗೆ ಉಸಿರು ಬಂತು. ಬೆಳಕು ನಾಲ್ಕಿಂಚು ಇಳಿಯಿತು. ಅವಳು ನನ್ನನ್ನು ನೋಡಿ, "ಯಾರಮ್ಮ ನೀನು?" ಎಂದಳು.

"ಇಳಿಸ್ಬೇಡ ಕಣೇ! ಮೇಲಕ್ಕೇ ಬಿಡು!" ಎಂದು ಮೆಟ್ಟಿಲ ಮೇಲಿನಿಂದ ಕಿರುಚಿದೆ.

ಮತ್ತೆ ಏರತೊಡಗಿತು. ಅಕ್ಕನಿಗೆ ನಾನು ನೆನಪಾದೆ, ಸೊಸೆಯ ಮದುವೆ ನೆನಪಾಯಿತು, ನಾನು ಕದ್ದು ತಿಂದ ಸಕ್ಕರೆ ಕೂಡ ನೆನಪಾಯಿತು. ನೆಲಕ್ಕೆ ಕಾಲೂರಿ ನಿಂತಳು. ಸೊಸೆ ಓಡಿ ಬಂದು ಸೊಂಟ ಹಿಡಿದುಕೊಂಡಳು.

"ಅಕ್ಕ, ಎಲ್ಲಿಗೇ?"

ಅವಳು ತಾರಸಿ ನೋಡಿದಳು. "ಅದು ಇದನ್ನ ದಾಟಿದ್ರೆ ನಾನೂ ಹೊರಟೆ ಕಣೇ. ಹೇಳಿಹೋಗ್ಬೇಕಲ್ಲ, ಅದಕ್ಕೇ ಮಾತಾಡ್ತಿದ್ದೀನಿ."

ಬೆಳಕು ಅವಳ ಹಣೆ ದಾಟಿತ್ತು. ಟೇಪು ಹಿಡಿದೆ. ತಾರಸಿಗೆ ನಲವತ್ತೆರಡು ಇಂಚು.

"ನಾನು ಬಿಟ್ರೆ ಬೀಳ್ತಾರೆ ಅತ್ತೆ," ಎಂದಳು ಸೊಸೆ. "ನೀವೇ ಹೋಗಿ ನಿಲ್ಲಿಸಿ."

"ನಿಲ್ಲಿಸೋದು ಬೇರೆ, ಕಾಯಿಸೋದು ಬೇರೆ ಕಣೇ," ಎಂದು ಮೆಟ್ಟಿಲಿಳಿದೆ. ಹನ್ನೆರಡು ಮೆಟ್ಟಿಲು ಅಂದು ಹನ್ನೆರಡು ಸಾವಿರವಾಗಿದ್ದವು.

ಸ್ಕ್ರೀನಿನಲ್ಲಿ ನೂರ ಐವತ್ತನಾಲ್ಕು. ನಿಲ್ಲಿಸಿದೆ. ಮೇಲೆ ಅಕ್ಕನ ಮಾತು 'ನಾನು ಹೋದ...' ಎಂಬಲ್ಲೇ ಕಡಿಯಿತು.

"ಬೇಗ ಅತ್ತೆ! ಮೈ ತಣ್ಣಗಾಗ್ತಿದೆ!"

ಮೊದಲ ಸಾಲು: ಹಳೆಯ ಅಂಕಿ ಅಳಿಸಿ ನೂರ ಐವತ್ತನಾಲ್ಕು, ಇಲ್ಲದಿದ್ದರೆ ಮತ್ತೆ ಕೆಳಗಿನಿಂದಲೇ ಶುರುವಾಗುತ್ತದೆ. ಕಾಯುವ ಸಾಲು: ಐದು. ಅದರ ಮುಂದೆ ಒಂದು ಸೊನ್ನೆ. ಇನ್ನೊಂದು. ಮತ್ತೊಂದು. ಏಳಾಗುವ ಹೊತ್ತಿಗೆ ಸೊಸೆ ಅಳತೊಡಗಿದ್ದಳು. ಓಡಿಸಿದೆ.

"...ಮೇಲೆ ನನ್ನ ಶಾಲು ನೀನಿಟ್ಕೋ," ಎಂದು ಅಕ್ಕ ಮಾತು ಮುಗಿಸಿದಳು.

ಆಮೇಲೆ ಸೊಸೆ ಲೆಕ್ಕ ಹಾಕಿದಳು. ಇಂಚಿಗೆ ಒಂದೂವರೆ ವರ್ಷದ ಮೇಲೆ. ಉಳಿದ ಮೂವತ್ತೆಂಟು ಇಂಚು ಹತ್ತಿ ತಾರಸಿ ಮುಟ್ಟಲು ಅರವತ್ತು ವರ್ಷ.

ಇದಾಗಿ ಮೂರು ವಾರ. ಬೋರ್ಡಿನ ಹತ್ತಿರ ಕಸ ಗುಡಿಸುವುದಕ್ಕೂ ನಾನು ಯಾರನ್ನೂ ಬಿಡುವುದಿಲ್ಲ. ಅಕ್ಕ ಚೆನ್ನಾಗಿ ಮಾತಾಡುತ್ತಾಳೆ, ನನ್ನನ್ನು ಹೊಟ್ಟೆ ತುಂಬ ಬೈಯುತ್ತಾಳೆ. ಆದರೆ ಕೂರುವುದಿಲ್ಲ. ಎಷ್ಟು ಎಳೆದರೂ ಮಂಡಿ ಮಡಚುವುದಿಲ್ಲ. ನಿದ್ದೆಯಿಲ್ಲ, ಹಸಿವಿಲ್ಲ. ಮುಖವೆತ್ತಿ ಆ ಬೆಳಕನ್ನೇ ನೋಡುತ್ತಾ ನಿಂತಿದ್ದಾಳೆ.

ಇವತ್ತು ಬೆಳಗ್ಗೆ ಅವಳ ಕಾಲ ಬಳಿ ಕುಳಿತು ಉಗುರು ಕತ್ತರಿಸುತ್ತಿದ್ದೆ.

"ಎಷ್ಟೊತ್ತು ಹೀಗೆ ನಿಲ್ಲಿಸ್ತೀಯೇ ನನ್ನ?" ಎಂದಳು. ದನಿಯಲ್ಲಿ ಬೈಗುಳವಿರಲಿಲ್ಲ.

"ಸ್ವಲ್ಪ ಹೊತ್ತು ಅಕ್ಕ," ಎಂದೆ.

ಅವಳು ಹೂಂ ಎಂದಳು. ಬಿದ್ದ ಉಗುರು ಹೆಕ್ಕಲು ಕೈ ಚಾಚಿದೆ. ಅವಳ ಪಾದಕ್ಕೂ ನೆಲಕ್ಕೂ ನಡುವೆ ನನ್ನ ಬೆರಳು ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು.